ಸಾಮಾನು ಅಷ್ಟೇ, ಓಡಾಟ ಜಾಸ್ತಿ: ಆನ್‌ಲೈನ್ ಖರೀದಿ ಬೆಂಗಳೂರಿನ ರಸ್ತೆಗೆ ಏನು ಮಾಡಿದೆ

ಸೂರತ್‌ನಲ್ಲಿ ತಯಾರಾದ ಒಂದು ಸೀರೆ ಬೆಂಗಳೂರಿನ ವಿಜಯನಗರದ ಒಂದು ಮನೆ ಸೇರಬೇಕು ಅಂದುಕೊಳ್ಳಿ. ಇಪ್ಪತ್ತು ವರ್ಷದ ಹಿಂದೆ ಅದು ಬರುತ್ತಿದ್ದ ದಾರಿ ಹೀಗಿತ್ತು. ನೂರಾರು ಸೀರೆ ಸೇರಿಸಿ ಬಿಗಿದ ಬೇಲು ಅಲ್ಲಿ ಲಾರಿ ಹತ್ತುತ್ತಿತ್ತು. ಕಲಾಸಿಪಾಳ್ಯದ ಆಸುಪಾಸಿನ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಇಳಿಯುತ್ತಿತ್ತು. ಅಂಗಡಿಯವರು ಎಲ್‌ಆರ್ (ಲಾರಿ ರಸೀದಿ) ಕಾಪಿ ತೋರಿಸಿ ಬಿಡಿಸಿಕೊಳ್ಳುತ್ತಿದ್ದರು. ಹಮಾಲರು ಅದನ್ನು ಗೂಡ್ಸ್ ಆಟೊಗೋ ತಳ್ಳುಗಾಡಿಗೋ ಹಾಕಿ ಚಿಕ್ಕಪೇಟೆಗೆ ಸಾಗಿಸುತ್ತಿದ್ದರು. ಅಲ್ಲಿಂದ ಮನೆಗೆ ತರುವ ಕೆಲಸ ಕೊಂಡವರದ್ದು. ಅವರು ಹೇಗೂ ಮದುವೆ ಜವಳಿಗೆ ಬಂದಿರುತ್ತಿದ್ದರು. ನಾಲ್ಕು ಸೀರೆ, ಎರಡು ಪಂಚೆ, ಒಂದಷ್ಟು ಪಾತ್ರೆ ಎಲ್ಲ ಸೇರಿಸಿ ಒಂದೇ ಸಲ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದರು.

ಈಗ ಅದೇ ಸೀರೆಗೆ ಸೂರತ್‌ನಲ್ಲೇ ಒಂದು ಪ್ಲಾಸ್ಟಿಕ್ ಕವರ್, ಒಂದು ಬಾರ್‌ಕೋಡ್, ಒಂದು ವಿಳಾಸ ಅಂಟುತ್ತದೆ. ಅಲ್ಲಿನ ಹಬ್‌ನಲ್ಲಿ ವಿಂಗಡಣೆ. ಅಲ್ಲಿಂದ ಬೆಂಗಳೂರಿನ ಹೊರಗಿನ ದೊಡ್ಡ ಹಬ್‌ಗೆ ಪ್ರಯಾಣ. ಮತ್ತೆ ವಿಂಗಡಣೆ. ಆಮೇಲೆ ಟಾಟಾ ಏಸ್‌ನಂಥ ಗಾಡಿಯಲ್ಲಿ ಏರಿಯಾ ಹಬ್‌ಗೆ, ಅಲ್ಲಿಂದ ಬೈಕಿನಲ್ಲಿ ಮನೆ ಬಾಗಿಲಿಗೆ. ಬಣ್ಣ ಇಷ್ಟವಾಗಲಿಲ್ಲ ಅಂದರೆ ಇಷ್ಟೂ ದಾರಿ ವಾಪಸ್.

ಸೀರೆ ಒಂದೇ, ತೂಕವೂ ಒಂದೇ. ಬದಲಾಗಿದ್ದು ಎರಡು ಸಂಗತಿ. ಚಿಕ್ಕಪೇಟೆಯಿಂದ ಮನೆವರೆಗಿನ ಆರೇಳು ಕಿಲೋಮೀಟರನ್ನು ಮೊದಲು ಕೊಂಡವರೇ ಹೊತ್ತು ತರುತ್ತಿದ್ದರು. ಯಾರ ಲೆಕ್ಕದಲ್ಲೂ ಅದು ಸರಕು ಸಾಗಣೆ ಆಗಿರಲಿಲ್ಲ. ಈಗ ಅದು ಸರಕು ಸಾಗಣೆ. ಇನ್ನೊಂದು, ಬೇಲು ಬಿಚ್ಚುವ ಜಾಗ. ಮೊದಲು ಅದನ್ನು ಬಿಚ್ಚುತ್ತಿದ್ದದ್ದು ಅಂಗಡಿಯಲ್ಲಿ. ಈಗ ಕಳಿಸುವವರ ಊರಿನಲ್ಲೇ ಬಿಡಿ ಬಿಡಿಯಾಗಿರುತ್ತದೆ. ಅಲ್ಲಿಂದ ಇಲ್ಲಿವರೆಗೆ ಪ್ರತಿ ಸೀರೆಯೂ ಒಂಟಿ ಪ್ರಯಾಣಿಕ.

ಆನ್‌ಲೈನ್ ಖರೀದಿಯಿಂದ ನಗರದ ಸರಕು ಸಾಗಣೆಗೆ ಏನಾಗಿದೆ ಅಂತ ಕೇಳಿದರೆ ನನ್ನ ಉತ್ತರ ಇಷ್ಟು. ಊರಿಗೆ ಬರುವ ಸಾಮಾನಿನ ತೂಕವನ್ನು ಅದು ಅಂಥಾದ್ದೇನೂ ಹೆಚ್ಚಿಸಿಲ್ಲ. ಆದರೆ ಗಾಡಿ ಎಷ್ಟು ಸಲ ನಿಲ್ಲಬೇಕು, ಎಷ್ಟು ಬಾಗಿಲು ತಟ್ಟಬೇಕು ಅನ್ನುವುದನ್ನು ವಿಪರೀತ ಹೆಚ್ಚಿಸಿದೆ. ನಾವು ಅವಸರ ಪಟ್ಟಷ್ಟೂ ಅದು ಇನ್ನೂ ಏರುತ್ತದೆ. ನಮ್ಮ ರಸ್ತೆ, ನಿಯಮ, ಗಣತಿ ಮಾತ್ರ ಇನ್ನೂ ಲಾರಿಯ ಕಾಲದಲ್ಲೇ ನಿಂತಿವೆ.

ಪಾರ್ಸೆಲ್ ನಮಗೆ ಹೊಸದಲ್ಲ

ಕರ್ನಾಟಕದವರಿಗೆ ಪಾರ್ಸೆಲ್ ವ್ಯವಹಾರ ಚೆನ್ನಾಗಿಯೇ ಗೊತ್ತು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ದೇಶದ ದೊಡ್ಡ ಪಾರ್ಸೆಲ್ ಸಾಗಣೆ ಕಂಪನಿಗಳಲ್ಲಿ ಒಂದಾಯಿತು. ಊರಿಗೆ ಏನಾದರೂ ಕಳಿಸಬೇಕಾದರೆ ನಮ್ಮಲ್ಲಿ ಇನ್ನೊಂದು ದಾರಿಯೂ ಇತ್ತು. "ರಾತ್ರಿ ಬಸ್ಸಿಗೆ ಹಾಕಿರ್ತೀನಿ, ಬೆಳಗ್ಗೆ ಸ್ಟ್ಯಾಂಡಿಗೆ ಬಂದು ತಗೊಳ್ಳಿ" ಅಂತ ಫೋನ್ ಮಾಡಿದರೆ ಕೆಲಸ ಮುಗಿಯಿತು. ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೋ' ಶುರು ಮಾಡಿದ್ದೂ ಇದೇ ರೂಢಿಯ ಮೇಲೆ. 2023ರ ಡಿಸೆಂಬರ್‌ನಲ್ಲಿ ಅದಕ್ಕೆ ತನ್ನದೇ ಲಾರಿಗಳೂ ಬಂದವು.

ಈ ಹಳೇ ಪದ್ಧತಿಯಲ್ಲಿ ಒಂದು ಒಳ್ಳೇ ಗುಣವಿತ್ತು. ಸಾಮಾನು ಒಂದು ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಕೊನೆಯ ಒಂದೆರಡು ಕಿಲೋಮೀಟರನ್ನು ಬೇಕಾದವರು ತಮ್ಮ ಬೇರೆ ಕೆಲಸದ ಜೊತೆ ಸೇರಿಸಿಕೊಂಡು ಮುಗಿಸುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆ ಬಾಗಿಲಿನ ಯುಗ ಶುರುವಾಗಿದ್ದೂ ಬೆಂಗಳೂರಿನಿಂದಲೇ ಅನ್ನಬಹುದು. 2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಶುರು ಮಾಡಿತು. 2010ರಲ್ಲಿ ಅದು ಕ್ಯಾಶ್ ಆನ್ ಡೆಲಿವರಿ ತಂದಿತು. ಕಾರ್ಡ್ ಇಲ್ಲದವರೂ, ಮುಂಚೆ ದುಡ್ಡು ಕೊಡಲು ಹೆದರುವವರೂ ಆರ್ಡರ್ ಮಾಡತೊಡಗಿದರು. 2013ರಲ್ಲಿ ಅಮೆಜಾನ್ ಭಾರತಕ್ಕೆ ಬಂತು. ಬಿಗ್‌ಬಾಸ್ಕೆಟ್, ಸ್ವಿಗ್ಗಿ, ಮೀಶೋ ಹುಟ್ಟಿದ್ದೂ ಇದೇ ಊರಲ್ಲಿ. ಬೇರೆ ಎಷ್ಟೋ ನಗರಗಳು ಆಮೇಲೆ ಕಂಡಿದ್ದನ್ನು ಬೆಂಗಳೂರು ಮೊದಲೇ ಕಂಡಿತು.

ಅಂಗಡಿಗೆ ಹೋಗುವುದು ತಪ್ಪಿತಲ್ಲ, ಅದು ಉಳಿತಾಯ ಅಲ್ವಾ?

ಇದು ನ್ಯಾಯವಾದ ಪ್ರಶ್ನೆ. ನಲವತ್ತು ಮನೆಯವರು ನಲವತ್ತು ಗಾಡಿ ತೆಗೆಯುವ ಬದಲು ಒಂದೇ ಗಾಡಿ ನಲವತ್ತು ಮನೆಗೆ ಹೋಗಿ ಬಂದರೆ ರಸ್ತೆಗೆ ಹಗುರ. ಬ್ರಿಟನ್ನಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಇದರ ಲೆಕ್ಕ ಹಾಕಿದ್ದರು. ದಿನಸಿ ಬಿಟ್ಟು ಬೇರೆ ಸಾಮಾನನ್ನು ವ್ಯಾನಿನಲ್ಲಿ ಮನೆಗೆ ಮುಟ್ಟಿಸಿದರೆ ಒಂದು ಡೆಲಿವರಿಗೆ ಸುಮಾರು 181 ಗ್ರಾಂ ಇಂಗಾಲದ ಡೈಆಕ್ಸೈಡ್. ಅದನ್ನೇ ತರಲು ಕಾರಿನಲ್ಲಿ ಅಂಗಡಿಗೆ ಹೋಗಿಬಂದರೆ 4 ಕಿಲೋಗೂ ಜಾಸ್ತಿ. ಇಪ್ಪತ್ತು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ.

ಆನ್‌ಲೈನ್ ಖರೀದಿಯೇ ಪರಿಸರಕ್ಕೆ ಒಳ್ಳೆಯದು ಎನ್ನುವವರು ಇಂಥ ಲೆಕ್ಕವನ್ನೇ ಮುಂದಿಡುತ್ತಾರೆ. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು. ಬಸ್ಸಿನಲ್ಲಿ ಹೋಗುವವರು ಒಂದೇ ಸಲಕ್ಕೆ ಏಳೆಂಟು ಸಾಮಾನು ಕೊಂಡರೆ ಅಂಗಡಿ ಖರೀದಿಯೇ ಮೇಲು. ಇದನ್ನು ನಮ್ಮ ಊರಿಗೆ ತಂದು ನೋಡಿ. ಸೋಪು, ಬ್ರೆಡ್ಡು, ಮೊಸರಿಗೆ ನಾವು ಕಾರು ತೆಗೆಯುತ್ತಿರಲಿಲ್ಲ. ಬೀದಿ ಕೊನೆಯ ಅಂಗಡಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿಬರುತ್ತಿದ್ದೆವು. ಆಫೀಸಿನಿಂದ ಬರುವಾಗ ಬಸ್ ಸ್ಟಾಪಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದೆವು. ಆ ನಡಿಗೆಯ ಬದಲು ಈಗ ಒಂದು ಬೈಕು ಹೊರಡುತ್ತಿದ್ದರೆ ಅದು ಹೊಸ ಓಡಾಟವೇ. ಉಳಿತಾಯ ಏನೂ ಇಲ್ಲ.

ಇನ್ನೂ ಒಂದಿದೆ. ಅಂಗಡಿಗೆ ಹೋಗದೆ ಉಳಿದ ಹೊತ್ತಲ್ಲಿ ನಾವು ಮನೆಯಲ್ಲೇ ಕೂರುತ್ತೇವೆ ಅಂತೇನಿಲ್ಲ. ಮಾಲಿಗೆ ಹೋಗುತ್ತೇವೆ, ಊಟಕ್ಕೆ ಹೊರಗೆ ಹೋಗುತ್ತೇವೆ. ಅಂಗಡಿಯಲ್ಲಿ ನೋಡಿ ಬಂದು ಆನ್‌ಲೈನ್‌ನಲ್ಲಿ ಕೊಳ್ಳುವವರೂ ಇದ್ದಾರೆ. ಹಾಗಾಗಿ ಜನರ ಓಡಾಟ ಸಾಮಾನಿನ ಓಡಾಟದಷ್ಟು ಲೆಕ್ಕಕ್ಕೆ ಸರಿಯಾಗಿ ಕಡಿಮೆಯಾಗುವುದಿಲ್ಲ. ಒಂದರ ಮೇಲೊಂದು ಸೇರಿಕೊಳ್ಳುತ್ತದೆ.

ಅವಸರದ ಬೆಲೆ

ಎಲ್ಲ ಡೆಲಿವರಿಯೂ ಒಂದೇ ಅಲ್ಲ. ಈ ವ್ಯತ್ಯಾಸ ಬಹಳ ಮುಖ್ಯ. ಒಂದು ಸಣ್ಣ ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ತರ್ಕ ಮಾತ್ರ ನಿಜದ್ದು.

ಎರಡು ದಿನದಲ್ಲಿ ಬರುವ ಪಾರ್ಸೆಲ್ ತೆಗೆದುಕೊಳ್ಳಿ. ರೈಡರ್ ಬೆಳಗ್ಗೆ ಹಬ್‌ನಲ್ಲಿ ನಲವತ್ತು ಪಾರ್ಸೆಲ್ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಏರಿಯಾಗೆ ಹೋಗಲು 4 ಕಿ.ಮೀ., ಬರಲು 4 ಕಿ.ಮೀ. ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಸರಾಸರಿ 300 ಮೀಟರ್ ಅಂದರೆ ನಲವತ್ತಕ್ಕೆ 12 ಕಿ.ಮೀ. ಒಟ್ಟು 20 ಕಿ.ಮೀ. ಒಂದು ಪಾರ್ಸೆಲ್‌ಗೆ ಬಿದ್ದದ್ದು ಅರ್ಧ ಕಿಲೋಮೀಟರ್.

ಈಗ ಹತ್ತು ನಿಮಿಷದ ಡೆಲಿವರಿ. ಡಾರ್ಕ್ ಸ್ಟೋರ್, ಅಂದರೆ ಆನ್‌ಲೈನ್ ಆರ್ಡರ್‌ಗೆಂದೇ ಇರುವ ಸಣ್ಣ ಗೋದಾಮು, ಮನೆಯಿಂದ 2 ಕಿ.ಮೀ. ದೂರದಲ್ಲಿದೆ. ಹತ್ತಿರವೇ. ಆದರೆ ರೈಡರ್ ಒಂದು ಚೀಲ ಹಿಡಿದು ಬಂದು, ಕೊಟ್ಟು, ಖಾಲಿ ವಾಪಸ್ ಹೋಗಬೇಕು. ಒಂದು ಆರ್ಡರ್‌ಗೆ 4 ಕಿ.ಮೀ. ಎರಡು ಆರ್ಡರ್ ಒಟ್ಟಿಗೆ ಸಿಕ್ಕರೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಗೋದಾಮು ಹತ್ತಿರ ಬಂದರೂ ಒಂದು ಸಾಮಾನಿಗೆ ಬೀಳುವ ಓಡಾಟ ಎಂಟು ಪಟ್ಟು. ಕಾರಣ ದೂರ ಅಲ್ಲ, ಕಾಯುವುದಕ್ಕೆ ಸಮಯವೇ ಇಲ್ಲ ಅನ್ನುವುದು. ಪಕ್ಕದ ಮನೆಯವರ ಆರ್ಡರ್ ಇನ್ನು ಐದು ನಿಮಿಷಕ್ಕೆ ಬರಬಹುದು. ಅದನ್ನು ಕಾದು ಜೊತೆಗೆ ಒಯ್ಯಲು ಅವಕಾಶವೇ ಇಲ್ಲ.

ಸಾಗಣೆಯ ವ್ಯವಹಾರ ಬಲ್ಲವರು ಇದನ್ನು ಮೊದಲಿನಿಂದ ಹೇಳುತ್ತಲೇ ಬಂದಿದ್ದಾರೆ. ಕಾಯುವ ಸಮಯ ಸಿಕ್ಕರೆ ಲೋಡು ತುಂಬುತ್ತದೆ, ಲೋಡು ತುಂಬಿದರೆ ಟ್ರಿಪ್ಪು ಕಡಿಮೆಯಾಗುತ್ತದೆ. ಹತ್ತು ನಿಮಿಷದ ಭರವಸೆ ಇದರ ತದ್ವಿರುದ್ಧ. ಒಗ್ಗರಣೆಗೆ ಕರಿಬೇವು ಇಲ್ಲ ಅಂತ ಫೋನ್ ಒತ್ತಿದರೆ ಒಂದು ಕಟ್ಟು ಕರಿಬೇವಿಗಾಗಿ ನೂರು ಕೆಜಿಗೂ ಮಿಕ್ಕ ಒಂದು ಬೈಕು, ಒಬ್ಬ ಮನುಷ್ಯ ಹೊರಡುತ್ತಾರೆ. 2020ರಲ್ಲಿ ಸ್ವಿಗ್ಗಿ ಇನ್‌ಸ್ಟಾಮಾರ್ಟ್, 2021ರಲ್ಲಿ ಜೆಪ್ಟೊ, ಅದೇ ವರ್ಷದ ಕೊನೆಗೆ ಗ್ರೋಫರ್ಸ್ ಹೆಸರು ಬದಲಿಸಿಕೊಂಡು ಬ್ಲಿಂಕಿಟ್. ನಾಲ್ಕೈದು ವರ್ಷದಲ್ಲಿ ಹತ್ತು ನಿಮಿಷ ಅನ್ನುವುದು ದೊಡ್ಡ ಊರುಗಳ ಅಭ್ಯಾಸವೇ ಆಗಿಬಿಟ್ಟಿದೆ.

ಔಷಧಿ ಬೇಕಾದ ಹಿರಿಯರಿಗೆ, ಎಳೇ ಮಗುವನ್ನು ಬಿಟ್ಟು ಹೊರಗೆ ಹೋಗಲಾರದ ತಾಯಿಗೆ ಇದು ದೊಡ್ಡ ಉಪಕಾರ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಚಿಪ್ಸ್ ಪ್ಯಾಕೆಟ್ಟಿಗೂ ಜ್ವರದ ಮಾತ್ರೆಗೂ ಒಂದೇ ಅವಸರ ಯಾಕೆ? ಸಂಜೆ ಬಂದರೂ ನಡೆಯುವ ಸಾಮಾನನ್ನು ಸಂಜೆಗೆ ತರಿಸಿಕೊಂಡರೆ ಇಷ್ಟು ಕಡಿಮೆ ಅಂತ ಬೆಲೆಯಲ್ಲಿ ವ್ಯತ್ಯಾಸ ಇರಬೇಕಿತ್ತು. ಈಗ ಅವಸರಕ್ಕೂ ಸಾವಧಾನಕ್ಕೂ ಹೆಚ್ಚುಕಡಿಮೆ ಒಂದೇ ರೇಟು. ಹಾಗಿದ್ದಾಗ ಯಾರು ಕಾಯುತ್ತಾರೆ?

ಗೇಟಿನ ಮುಂದಿನ ಐದು ನಿಮಿಷ

ಓಡುವ ಗಾಡಿಗಿಂತ ನಿಂತ ಗಾಡಿ ರಸ್ತೆಗೆ ಹೆಚ್ಚು ಭಾರ. ಇದನ್ನು ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನೋಡಬಹುದು.

ಒಳಗೆ ಬೈಕು ಬಿಡುವುದಿಲ್ಲ. ಹಾಗಾಗಿ ನಾಲ್ಕೈದು ಬೈಕು ಕಾಂಪೌಂಡಿಗೆ ಒರಗಿದ ಹಾಗೆ ಫುಟ್‌ಪಾತ್ ಮೇಲೆ ನಿಂತಿವೆ. ಒಂದರ ಮೇಲೆ ಮನುಷ್ಯನಷ್ಟೇ ಎತ್ತರದ ಕಪ್ಪು ಚೀಲ. ಸೆಕ್ಯೂರಿಟಿಯವರು ಫೋನಿನಲ್ಲಿ ಫ್ಲ್ಯಾಟ್ ನಂಬರ್ ಒತ್ತುತ್ತಿದ್ದಾರೆ. ಮನೆಯವರು ಒಪ್ಪಿಗೆ ಕೊಡುವವರೆಗೆ ಕಾಯಬೇಕು. "ಅಣ್ಣಾ, ಆ ಲಿಫ್ಟ್ ಅಲ್ಲ, ಹಿಂದಿನ ಸರ್ವಿಸ್ ಲಿಫ್ಟ್." ಸರ್ವಿಸ್ ಲಿಫ್ಟು ಹದಿನಾಲ್ಕನೇ ಮಹಡಿಯಲ್ಲಿದೆ, ಅದರಲ್ಲಿ ಯಾರದೋ ಮನೆ ಟೈಲ್ಸ್ ಹೋಗುತ್ತಿದೆ. ಮೇಲೆ ಹೋದಮೇಲೆ ಬೆಲ್ಲು, ಒಟಿಪಿ, ಅದು ಬರದಿದ್ದರೆ ಇನ್ನೊಂದು ಸಲ. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಟಾಟಾ ಏಸ್ ಬಂದಿದೆ. ವಾಷಿಂಗ್ ಮಷೀನ್ ಇಳಿಸಬೇಕು. ಎಡಗಡೆ ಬೈಕುಗಳಿವೆ, ಅದರ ಮುಂದೆ ಕಾರುಗಳು ಸಾಲಾಗಿ ನಿಂತಿವೆ. ಡ್ರೈವರ್ ಇಂಡಿಕೇಟರ್ ಹಾಕಿ ರಸ್ತೆ ನಡುವೆಯೇ ನಿಲ್ಲಿಸುತ್ತಾರೆ. ಅವರಿಗೂ ಬೇರೆ ದಾರಿ ಇಲ್ಲ. ಹಿಂದೆ ಬಂದ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಾ ನಿಲ್ಲುತ್ತದೆ. ಬಸ್ಸಿನಲ್ಲಿ ಐವತ್ತು ಜನ.

ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಒಂದು ನಿಮಿಷ. ಗೇಟಿನಿಂದ ಬಾಗಿಲಿಗೆ ಹೋಗಿಬರಲು ಐದಾರು ನಿಮಿಷ. ಸಾಗಣೆಯ ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಈ ಕೊನೆಯ ಹಂತದ್ದೇ ಅಂತ ಉದ್ಯಮದವರು ಲೆಕ್ಕ ಹಾಕುತ್ತಾರೆ. ಯಾಕೆ ಅನ್ನುವುದು ಆ ಗೇಟಿನ ಮುಂದೆ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ.

ವಿಳಾಸದ ತೊಂದರೆ ಬೇರೆ. ಬೆಂಗಳೂರಿನ 'ಮೂರನೇ ಮೇನ್, ಐದನೇ ಕ್ರಾಸ್' ಒಂದೇ ಬಡಾವಣೆಯ ಬೇರೆ ಬೇರೆ ಹಂತದಲ್ಲಿ ಎರಡು ಮೂರು ಕಡೆ ಇರುತ್ತದೆ. "ಲೊಕೇಶನ್ ಕಳಿಸಿ ಸಾರ್" ಅನ್ನುವ ಫೋನು ಬರುವುದು ಅದಕ್ಕೇ. 1972ರಲ್ಲಿ ಬಂದ ಆರು ಅಂಕಿಯ ಪಿನ್ ಕೋಡ್ ಅಂಚೆ ಕಚೇರಿವರೆಗೆ ದಾರಿ ತೋರಿಸುತ್ತದೆ, ಬಾಗಿಲಿಗಲ್ಲ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಸುಮಾರು ನಾಲ್ಕು ಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು. ಜನ ಬಳಸತೊಡಗಿದರೆ ಸುತ್ತಾಟ ಖಂಡಿತ ಕಡಿಮೆಯಾಗುತ್ತದೆ.

ಗೋದಾಮು ಊರಾಚೆ ಹೋಯಿತು, ಮತ್ತೆ ಬೀದಿಗೆ ಬಂತು

ಬೈಕಿನ ಹಿಂದೆ ಇನ್ನೊಂದು ದೊಡ್ಡ ಬದಲಾವಣೆ ಇದೆ. ಅದು ನಗರದವರ ಕಣ್ಣಿಗೆ ಬೀಳುವುದು ಕಡಿಮೆ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದಕ್ಕೆ ಮುಂಚೆ ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ಒಂದೊಂದು ರಾಜ್ಯದಲ್ಲೂ ಸಣ್ಣಪುಟ್ಟ ಗೋದಾಮು ಇಟ್ಟುಕೊಳ್ಳುತ್ತಿದ್ದವು. ಜಿಎಸ್‌ಟಿ ಬಂದಮೇಲೆ ಅದರ ಅಗತ್ಯ ಉಳಿಯಲಿಲ್ಲ. ಚೆಕ್‌ಪೋಸ್ಟುಗಳು ಹೋದವು. 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಚೀಟಿ, ಶುರುವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲ ದಿನದಿಂದಲೇ ಜಾರಿಗೆ ತಂದದ್ದು ಕರ್ನಾಟಕ. ಸಣ್ಣ ಗೋದಾಮುಗಳು ಸೇರಿ ದೊಡ್ಡವಾದವು. ದೊಡ್ಡದಕ್ಕೆ ಅಗ್ಗದ ಜಾಗ ಬೇಕು, ಹೆದ್ದಾರಿ ಬೇಕು. ಹೊಸಕೋಟೆ, ಮಾಲೂರು, ಅತ್ತಿಬೆಲೆ, ನೆಲಮಂಗಲ, ದಾಬಸ್‌ಪೇಟೆ ಕಡೆ ರಾಗಿ ಹೊಲ, ತೋಟಗಳ ಪಕ್ಕದಲ್ಲಿ ತಗಡಿನ ಚಾವಣಿಯ ಭಾರೀ ಶೆಡ್ಡುಗಳು ಎದ್ದವು. ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕ್ ಬರುತ್ತಿರುವುದೂ, ಸ್ಯಾಟಲೈಟ್ ಟೌನ್ ರಿಂಗ್ ರೋಡ್ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳನ್ನು ಜೋಡಿಸುತ್ತಿರುವುದೂ ಇದರ ಮುಂದುವರಿಕೆಯೇ.

ಹೆದ್ದಾರಿಗೆ ಇದು ಒಳ್ಳೆಯದು. ದೊಡ್ಡ ಲಾರಿ ಪೂರ್ತಿ ಲೋಡಿನಲ್ಲಿ ಓಡುತ್ತದೆ. ಆದರೆ ಮೊದಲು ಕಲಾಸಿಪಾಳ್ಯದಿಂದ ಮನೆಗೆ ಏಳೆಂಟು ಕಿಲೋಮೀಟರ್ ಇದ್ದ ಕೊನೆಯ ದಾರಿ ಈಗ ಊರಾಚೆಯ ಶೆಡ್ಡಿನಿಂದ ಶುರುವಾಗುತ್ತದೆ. ದಟ್ಟಣೆ ಹೊತ್ತಲ್ಲಿ ಭಾರಿ ವಾಹನಗಳಿಗೆ ಪ್ರವೇಶ ಇಲ್ಲ. ಹಾಗಾಗಿ ಆ ದಾರಿಯನ್ನು ಸಣ್ಣ ಗಾಡಿಗಳಲ್ಲಿ ಸವೆಸಬೇಕು. ಹತ್ತು ಟನ್ನಿನ ಒಂದು ಲಾರಿಯ ಮಾಲನ್ನು ಮುಕ್ಕಾಲು ಟನ್ ಹೊರುವ ಗಾಡಿಗಳಿಗೆ ಹಾಕಿದರೆ ಹದಿಮೂರು ಹದಿನಾಲ್ಕು ಗಾಡಿ ಬೇಕು. 2005ರಲ್ಲಿ ಟಾಟಾ ಏಸ್ ಬಂದಾಗ ಅದು ಸಣ್ಣ ವ್ಯಾಪಾರಿಯ ಗಾಡಿ. ಈಗ ಅದು ನಗರದ ಇಡೀ ಸಾಗಣೆಯ ಬೆನ್ನೆಲುಬು.

ಹತ್ತು ನಿಮಿಷದ ವ್ಯಾಪಾರ ಇದನ್ನು ಮತ್ತೆ ತಿರುವಿ ಹಾಕಿದೆ. ಡಾರ್ಕ್ ಸ್ಟೋರ್ ಬಡಾವಣೆಯ ಒಳಗೇ ಬೇಕು. ಹಾಗಾಗಿ ಎಚ್‌ಎಸ್‌ಆರ್ ಲೇಔಟ್‌ನಂಥ ಕಡೆ ಮನೆಗಳ ಸಾಲಿನಲ್ಲೇ, ನೆಲಮಹಡಿಯಲ್ಲಿ ಗೋದಾಮು. ಹೊರಗೆ ಇಪ್ಪತ್ತು ಮೂವತ್ತು ಬೈಕು. ಅಲ್ಲಿ ಜಾಗ ಕಡಿಮೆ, ಸ್ಟಾಕ್ ಬೇಗ ಖಾಲಿ. ಅದಕ್ಕೆ ಮತ್ತೆ ಮತ್ತೆ ಸಣ್ಣ ಲಾರಿಯಲ್ಲಿ ಮಾಲು ತರಬೇಕು. ಅಕ್ಕಪಕ್ಕದ ಮನೆಯವರು ರಾತ್ರಿ ಶಟರ್ ಸದ್ದಿಗೆ, ಕ್ರೇಟ್ ಇಳಿಸುವ ಸದ್ದಿಗೆ ರೋಸಿಹೋಗಿ ದೂರುವುದರಲ್ಲಿ ಅರ್ಥವಿದೆ. ಮನೆಯ ಬೀದಿ ಅಂತ ಗುರುತಿಸಿದ ಕಡೆ ಗೋದಾಮು ನಡೆಯುತ್ತಿದೆ.

ಇನ್ನು ವಾಪಸ್ ಬರುವ ಮಾಲು. ಕ್ಯಾಶ್ ಆನ್ ಡೆಲಿವರಿ ಇದ್ದಲ್ಲಿ ಬಾಗಿಲಲ್ಲೇ ಬೇಡ ಅನ್ನುವವರು ಹೆಚ್ಚು. ಬಟ್ಟೆಯಲ್ಲಿ ಒಂದೇ ಅಂಗಿಯನ್ನು ಮೂರು ಸೈಜಿನಲ್ಲಿ ತರಿಸಿ ಎರಡನ್ನು ಕಳಿಸುವವರೂ ಉಂಟು. ಹಬ್‌ನವರ ಬಾಯಲ್ಲಿ ಇದು 'ಆರ್‌ಟಿಒ', ಅಂದರೆ ಹೊರಟಲ್ಲಿಗೇ ವಾಪಸ್. ಆಸ್ಪತ್ರೆಗೆ ಹೋಗುವ ಆಂಬುಲೆನ್ಸ್ ಕಾಯುವ ಅದೇ ಸಿಗ್ನಲ್‌ನಲ್ಲಿ, ಯಾರಿಗೂ ಬೇಡವಾದ ಈ ಮಾಲೂ ಜಾಗ ಹಿಡಿದು ನಿಂತಿರುತ್ತದೆ. 2014ರಲ್ಲಿ ಬಿಗ್ ಬಿಲಿಯನ್ ಡೇಸ್ ಶುರುವಾದಮೇಲೆ ದಸರಾ ದೀಪಾವಳಿ ಆಸುಪಾಸಿನ ವಾರಗಳಲ್ಲಿ ಹೋಗುವುದು, ವಾಪಸ್ ಬರುವುದು ಎರಡೂ ತಾರಕಕ್ಕೇರುತ್ತದೆ. ಅದೇ ಹೊತ್ತಿಗೆ ಊರಲ್ಲಿ ಮಳೆ, ಊರಿಗೆ ಹೊರಟವರ ಗಡಿಬಿಡಿ.

ಯಾರ ಗಾಡಿ, ಯಾರ ಪೆಟ್ರೋಲು

ಸರಕು ಸಾಗಣೆ ಅಂದರೆ ಹಿಂದೆ ಲಾರಿ ಮಾಲೀಕರು ಬಂಡವಾಳ ಹಾಕುತ್ತಿದ್ದರು. ಈಗ ಕೊನೆಯ ಹಂತದ ಬಂಡವಾಳ ರೈಡರ್‌ದು. ಬೈಕು ಅವರದ್ದು, ಕಂತು ಅವರದ್ದು, ಪೆಟ್ರೋಲು, ಪಂಕ್ಚರು, ಟ್ರಾಫಿಕ್ ಫೈನು ಎಲ್ಲ ಅವರದ್ದೇ. ರಾಯಚೂರು, ಕಲಬುರಗಿ, ಕೋಲಾರದ ಕಡೆಯಿಂದ ಬಂದ ಹುಡುಗರು, ಉತ್ತರ ಭಾರತದಿಂದ, ಈಶಾನ್ಯದಿಂದ ಬಂದವರು ಒಂದು ಡ್ರಾಪ್‌ಗೆ, ಅಂದರೆ ಒಂದು ಡೆಲಿವರಿಗೆ, ಇಷ್ಟು ಅನ್ನುವ ಲೆಕ್ಕದಲ್ಲಿ ದುಡಿಯುತ್ತಾರೆ. ಗೇಟಿನ ಮುಂದೆ ಕಾದ ಹೊತ್ತಿಗೆ ದುಡ್ಡಿಲ್ಲ. ಡೆಲಿವರಿ ಫ್ರೀ ಅಂತ ನಮಗೆ ಕಾಣುವುದು ಅದರ ಖರ್ಚು ಬೇರೆ ಕಡೆ ಬೀಳುತ್ತಿರುವುದರಿಂದ. ಒಂದಷ್ಟು ಹೂಡಿಕೆದಾರರ ಮೇಲೆ, ಒಂದಷ್ಟು ಮಾರುವವರ ಮೇಲೆ, ಬಹಳಷ್ಟು ಈ ಹುಡುಗರ ಬೆನ್ನಿನ ಮೇಲೆ.

ನೀತಿ ಆಯೋಗ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರು, ಅಂದರೆ ಸಂಬಳವಿಲ್ಲದೆ ಕೆಲಸಕ್ಕಿಷ್ಟು ಅಂತ ದುಡಿಯುವವರು, ಇದ್ದರು. 2029-30ಕ್ಕೆ ಅದು 2.35 ಕೋಟಿ ಆಗಲಿದೆ. ಇವರೆಲ್ಲ ಡೆಲಿವರಿಯವರಲ್ಲ, ಆದರೆ ಲಕ್ಷಗಟ್ಟಲೆ ಮಂದಿ ರಸ್ತೆ ಮೇಲಿನವರು. ಕರ್ನಾಟಕ 2025ರಲ್ಲಿ ಇವರಿಗಾಗಿಯೇ ಒಂದು ಕಾಯ್ದೆ ತಂದಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಇದು ತಡವಾಗಿ ಬಂದ, ಆದರೆ ತೀರಾ ಬೇಕಾಗಿದ್ದ ಕಾನೂನು.

ಲೆಕ್ಕಕ್ಕೆ ಸಿಗದ ಸರಕು

ಬೆಂಗಳೂರಿನ ಜಾಮ್‌ಗೆ ಡೆಲಿವರಿಯವರೇ ಕಾರಣ ಅಂತ ಬೊಟ್ಟು ಮಾಡುವುದು ಅನ್ಯಾಯ. ಇಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಅವುಗಳಲ್ಲಿ ಹೆಚ್ಚಿನವು ನಮ್ಮ ನಿಮ್ಮ ಸ್ವಂತದ್ದು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಅದು ಹತ್ತಾರು ವರ್ಷದ ಕೂಡಿಟ್ಟ ಸಮಸ್ಯೆ. ಆದರೆ ಇಷ್ಟು ಬಿಗಿಯಾದ ಊರಲ್ಲಿ ಹೊಸದಾಗಿ ಸೇರುವ ಪ್ರತಿ ನಿಲುಗಡೆಯೂ ಹೆಚ್ಚು ಕಾಡುತ್ತದೆ. ವಿಶ್ವ ಆರ್ಥಿಕ ವೇದಿಕೆಯ 2020ರ ಒಂದು ವರದಿ ಜಗತ್ತಿನ 100 ದೊಡ್ಡ ನಗರಗಳನ್ನು ನೋಡಿ ಹೇಳಿದ್ದು ಹೀಗೆ: ಸುಮ್ನೆ ಬಿಟ್ಟರೆ 2030ರ ಹೊತ್ತಿಗೆ ಡೆಲಿವರಿ ಗಾಡಿಗಳು ಶೇ 36ರಷ್ಟು ಹೆಚ್ಚುತ್ತವೆ, ದಿನದ ಪ್ರಯಾಣಕ್ಕೆ 11 ನಿಮಿಷ ಸೇರುತ್ತದೆ.

ನಮ್ಮಲ್ಲಿ ತೊಡಕು ಇನ್ನೊಂದು ಥರದ್ದು. ಸಂಚಾರ ಗಣತಿಯಲ್ಲಿ ಲಾರಿ ಅಂದರೆ ಸರಕು, ಬೈಕು ಅಂದರೆ ಜನ ಅಂತ ಸಾಮಾನ್ಯವಾಗಿ ಬರೆದುಕೊಳ್ಳುತ್ತಾರೆ. ಬೆನ್ನಿಗೆ ಚೀಲ ಹಾಕಿಕೊಂಡ ಬೈಕು ಯಾವ ಸಾಲಿಗೆ ಸೇರಬೇಕು? 2025ರ ಜೂನ್‌ನಲ್ಲಿ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಕೆಲವು ಆ್ಯಪ್‌ಗಳಲ್ಲಿ ಅದೇ ಸೇವೆ 'ಪಾರ್ಸೆಲ್' ಹೆಸರಲ್ಲಿ ಕಾಣಿಸಿಕೊಂಡಿತು. ಜನ ಯಾವುದು, ಸರಕು ಯಾವುದು ಅನ್ನುವ ಗೆರೆ ನಮ್ಮ ನಿಯಮಗಳಲ್ಲಿ ಎಷ್ಟು ಮಸುಕಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಎಲೆಕ್ಟ್ರಿಕ್ ಗಾಡಿ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. 2030ರೊಳಗೆ 25,000 ಎಲೆಕ್ಟ್ರಿಕ್ ಗಾಡಿ ಇಳಿಸುತ್ತೇವೆ ಅಂತ ಫ್ಲಿಪ್‌ಕಾರ್ಟ್, 2025ರೊಳಗೆ 10,000 ಅಂತ ಅಮೆಜಾನ್ ಹೇಳಿದ್ದವು. ಹೊಗೆಗೆ, ಸದ್ದಿಗೆ ಇದು ನಿಜವಾದ ಪರಿಹಾರ. ಆದರೆ ರಸ್ತೆ ನಡುವೆ ನಿಂತ ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿಯೂ ಡೀಸೆಲ್ ಗಾಡಿಯಷ್ಟೇ ಜಾಗ ಹಿಡಿಯುತ್ತದೆ.

ಜಾಗದ ಪ್ರಶ್ನೆಗೆ ಉತ್ತರ ಬೇರೆ ಕಡೆ ಸಿಕ್ಕಿದೆ. ಪೋಲೆಂಡಿನಲ್ಲಿ ಇನ್‌ಪೋಸ್ಟ್ ಕಂಪನಿ 20 ಸಾವಿರಕ್ಕೂ ಹೆಚ್ಚು ಪಾರ್ಸೆಲ್ ಲಾಕರ್ ಇಟ್ಟಿದೆ. ಜನ ಕೆಲಸ ಮುಗಿಸಿ ಬರುವಾಗ ತಾವೇ ತೆಗೆದುಕೊಂಡು ಹೋಗುತ್ತಾರೆ. ಜಪಾನಿನಲ್ಲಿ ಮನೆಯಲ್ಲಿ ಯಾರೂ ಇಲ್ಲದೆ ಎರಡನೇ ಸಲ ಹೋಗಬೇಕಾದ ಪಾರ್ಸೆಲ್ ಹತ್ತಕ್ಕೆ ಒಂದರಷ್ಟು. 2024ರ ಏಪ್ರಿಲ್‌ನಿಂದ ಲಾರಿ ಚಾಲಕರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿ ಬಂದಮೇಲೆ ಅಲ್ಲಿಯವರು ಲಾಕರ್, ಬಾಗಿಲಲ್ಲಿ ಇಟ್ಟು ಹೋಗುವ ಪದ್ಧತಿಗೆ ಇನ್ನಷ್ಟು ಒತ್ತು ಕೊಟ್ಟರು.

ನಮಗೆ ಲಾಕರ್‌ನ ಖರ್ಚೂ ಬೇಕಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಪಾರ್ಸೆಲ್ ತರುತ್ತಿದ್ದ ಜನ ನಾವು. ಬೀದಿಗೊಂದು ಕಿರಾಣಿ ಅಂಗಡಿ, ಮೆಡಿಕಲ್ ಸ್ಟೋರ್ ಇದೆ. ದೇಶದಲ್ಲಿ 1.64 ಲಕ್ಷದಷ್ಟು ಅಂಚೆ ಕಚೇರಿಗಳಿವೆ. ಮೆಟ್ರೊ ನಿಲ್ದಾಣಗಳಲ್ಲಿ ದಿನಾ ಲಕ್ಷಾಂತರ ಜನ ಇಳಿಯುತ್ತಾರೆ. ಅಂಥ ಕಡೆ ಪಾರ್ಸೆಲ್ ಇಳಿಸಿ, ಅಲ್ಲಿಂದ ತೆಗೆದುಕೊಂಡವರಿಗೆ ಹತ್ತೋ ಇಪ್ಪತ್ತೋ ರೂಪಾಯಿ ಕಡಿಮೆ ಮಾಡಿದರೆ ಬಹಳ ಮಂದಿ ಒಪ್ಪುತ್ತಾರೆ. ಅಂಗಡಿಯವರಿಗೂ ಎರಡು ಕಾಸು ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ಗೇಟಿನ ಪಕ್ಕ ಒಂದು ಪಾರ್ಸೆಲ್ ರೂಮು ಮಾಡಿದರೆ ಮುನ್ನೂರು ಬಾಗಿಲಿನ ಬದಲು ಒಂದೇ ಬಾಗಿಲು. ಇದಕ್ಕೆ ಸರ್ಕಾರವನ್ನು ಕಾಯಬೇಕಾಗಿಲ್ಲ, ಮುಂದಿನ ಸಂಘದ ಸಭೆಯಲ್ಲೇ ತೀರ್ಮಾನಿಸಬಹುದು.

ಸರ್ಕಾರದಿಂದ ಆಗಬೇಕಾದದ್ದು ಬೇರೆ. ಇಡೀ ದಿನ ಸ್ವಂತ ಕಾರು ನಿಂತಿರುವ ರಸ್ತೆ ಅಂಚಿನಲ್ಲಿ, ಬೀದಿಗೆ ಒಂದೆರಡು ಜಾಗವನ್ನು ಸಾಮಾನು ಇಳಿಸಲು ಅಂತ ಗುರುತು ಹಾಕಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲುವ ಹಾಗಿಲ್ಲ. ಡಾರ್ಕ್ ಸ್ಟೋರ್ ಎಲ್ಲಿ ಇರಬಹುದು, ಅದರ ಬೈಕುಗಳು ಎಲ್ಲಿ ನಿಲ್ಲಬೇಕು ಅಂತ ಪರವಾನಗಿಯಲ್ಲೇ ಬರೆಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಹೊಸ ನಿಯಮ ಬರೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಎಲ್ಲಿ ಎಷ್ಟು ಜಾಗ ಬೇಕು ಅಂತ ತಿಳಿಯಲು ಲೆಕ್ಕ ಬೇಕು. ಅದಕ್ಕೂ ಈಗ ಒಂದು ದಾರಿ ತೆರೆದಿದೆ. ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಲ್ಯಾಣ ಶುಲ್ಕ ಪ್ರತಿ ವ್ಯವಹಾರದ ಮೇಲೆ ಬೀಳುತ್ತದೆ. ಕಾರ್ಮಿಕರಿಗೆ ಆಗುವ ಪಾವತಿಗಳು ಸರ್ಕಾರದ ಪರಿಶೀಲನಾ ವ್ಯವಸ್ಥೆಯಲ್ಲಿ ದಾಖಲಾಗಬೇಕು. ಅಂದರೆ ರಾಜ್ಯದಲ್ಲಿ ದಿನಕ್ಕೆ ಎಷ್ಟು ಡೆಲಿವರಿ ನಡೆಯುತ್ತದೆ ಅನ್ನುವ ಅಂಕಿ ಕಾರ್ಮಿಕ ಇಲಾಖೆಯ ಕೈಗೆ ಸಿಗಲಿದೆ. ಅದರ ಜೊತೆಗೆ, ಯಾರ ಹೆಸರೂ ವಿಳಾಸವೂ ಇಲ್ಲದೆ, ವಾರ್ಡ್‌ವಾರು ಮತ್ತು ಗಂಟೆವಾರು ಡ್ರಾಪ್‌ಗಳ ಸಂಖ್ಯೆಯನ್ನು ಕಂಪನಿಗಳಿಂದ ತರಿಸಿಕೊಳ್ಳಬೇಕು. ಅದನ್ನು ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೂ ಐದು ಪಾಲಿಕೆಗಳಿಗೂ ಕೊಟ್ಟರೆ, ಸಾಮಾನು ಇಳಿಸುವ ಜಾಗದ ಗುರುತನ್ನು ಯಾವ ಬೀದಿಯಿಂದ ಶುರು ಮಾಡಬೇಕು ಅಂತ ಅವರು ನಕ್ಷೆ ನೋಡಿ ಹೇಳಬಹುದು.